ಹೂರಣದ ಕೈ

ಬಸುರಿಯಾಗಿದ್ದಾಗ ನನಗೆ ವಾಂತಿ ಅಷ್ಟಾಗಿ ಕಾಡಲಿಲ್ಲ. ತಲೆಯೂ ಸುತ್ತಲಿಲ್ಲ. ಕಾಡಿದ್ದು ಕಾಲು. ಐದು ತಿಂಗಳು ತುಂಬುವವರೆಗೆ ಸುಮ್ಮನಿದ್ದ ಮೀನಖಂಡ ಒಂದು ದಿನ ಬೆಳಗಿನ ಜಾವ, ಮೈ ಮುರಿಯಲೆಂದು ಕಾಲು ಚಾಚಿದ ಕೂಡಲೇ, ಕಲ್ಲಿನ ಹಾಗೆ ಗಟ್ಟಿಯಾಗಿ ನಿಂತುಬಿಟ್ಟಿತು. ಒಳಗಿನ ಮಾಂಸವನ್ನು ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದರು. ಕೂಗೋಣವೆಂದರೆ ಉಸಿರೇ ಇಲ್ಲ. ಗಂಡ ಎದ್ದವನೇ ಗಾಬರಿಯಲ್ಲಿ ನನ್ನ ಹೊಟ್ಟೆ ಮುಟ್ಟಿ ನೋಡಿದ. "ಹೊಟ್ಟಿ ಅಲ್ಲ, ಕಾಲು" ಅಂದೆ. ಎಡಗಾಲು ಹಿಡಿದ. ನೋವಿದ್ದದ್ದು ಬಲಗಾಲಿನಲ್ಲಿ.

ಕೊನೆಗೆ ಉಸಿರು ಬಂದಾಗ ನನ್ನ ಬಾಯಿಂದ ಹೊರಟದ್ದು "ಯವ್ವಾ" ಅಲ್ಲ, "ಯಕ್ಕಾ".

ನಮ್ಮದು ಕಂಪ್ಲಿ ಕಡೆಯ ಊರು. ಹೊಳೆ, ಕಾಲುವೆ, ಕಣ್ಣು ಹೋದಷ್ಟು ದೂರ ಭತ್ತದ ಗದ್ದೆ. ಗದ್ದೆ ನಮ್ಮದಲ್ಲ, ಅದರಲ್ಲಿ ಬಗ್ಗಿದ ಬೆನ್ನು ನಮ್ಮದು. ಅವ್ವ ನಾಟಿ ಹಚ್ಚಲು ಹೋಗುತ್ತಿದ್ದಳು. ನನಗಿಂತ ತುಂಬಾ ದೊಡ್ಡವಳಾದ ಅಕ್ಕ ಐದನೇ ಇಯತ್ತೆಗೇ ಶಾಲೆ ಬಿಟ್ಟು ಅವ್ವನ ಪಕ್ಕದ ಸಾಲು ಹಿಡಿದಳು. ನಾನು ಶಾಲೆ ಬಿಡಲಿಲ್ಲ. ಬಿಡಿಸಲು ಬಂದವರನ್ನೆಲ್ಲ ಅಕ್ಕ ಬಾಗಿಲಲ್ಲೇ ಬೈದು ಕಳಿಸಿದಳು. ಬೆಳಗಿನ ಮೊದಲ ಬಸ್ಸಿನಲ್ಲಿ ನಿಂತುಕೊಂಡೇ ಹೊಸಪೇಟೆಗೆ ಹೋಗಿ ಬಿ.ಕಾಂ. ಮುಗಿಸಿದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವರಲ್ಲಿ ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ, ಯಾರೂ ಪುಕ್ಕಟೆ ಕೊಟ್ಟದ್ದಲ್ಲ ಅದು.

ನಾಟಿಯ ಹೆಂಗಸರಿಗೆ ಕಾಲು ಹಿಡಿಯುವುದು ಹೊಸದಲ್ಲ. ಮೊಣಕಾಲ ಮಟ್ಟ ಕೆಸರು, ತಣ್ಣೀರು, ಬಗ್ಗಿದ ನಡು, ಒಂದೇ ಸಮ ಹಿಂದಕ್ಕೆ ಹಿಂದಕ್ಕೆ ಹೆಜ್ಜೆ. ಸಾಲಿನಲ್ಲಿ ಯಾರಾದರೂ "ಹಿಡೀತವ್ವೋ" ಅಂದರೆ ಎಲ್ಲರ ಕೈಯೂ ನಿಲ್ಲುತ್ತಿತ್ತು. ಒಬ್ಬಳು ಹಿಂದೆ ಬಿದ್ದರೆ ಸಾಲು ಡೊಂಕಾಗುತ್ತದೆ, ಅದಕ್ಕೇ. ಹಿಡಿದವಳನ್ನು ಬದುವಿನ ಮೇಲೆ ಕೂರಿಸಿ, ಕಾಲು ನೀಟಾಗಿ ಚಾಚಿಸಿ, ಹೆಬ್ಬೆರಳನ್ನು ಮೊಣಕಾಲಿನ ಕಡೆಗೆ ಎಳೆದು ಹಿಡಿಯಬೇಕು. ಇದು ಎಲ್ಲರಿಗೂ ಗೊತ್ತಿರುವ ಉಪಾಯವೇ. ಆದರೂ ಎಲ್ಲರೂ ಕರೆಯುತ್ತಿದ್ದದ್ದು ನಮ್ಮ ಅಕ್ಕನನ್ನೇ. ಅವಳ ಕೈ ಕೆಸರಿನಿಂದ ಎದ್ದರೂ ಬೆಚ್ಚಗಿರುತ್ತಿತ್ತು. ಬೈಯುತ್ತಲೇ ಹಿಡಿಯುತ್ತಿದ್ದಳು. "ಸಡ್ಲ ಬಿಡಲೇ ಕಾಲು, ಏನ್ ನನ್ನ ಒದೀತೀ?" ಅನ್ನುವಳು. ನಗು ಬಂದಾಗ ನೋವೂ ಸಡಿಲಾಗುತ್ತಿತ್ತು.

ಊರಲ್ಲೇ ಮದುವೆಯಾದ ಅಕ್ಕ ಬಸುರಿಯಾದಾಗಲೂ ನಾಟಿ ಬಿಡಲಿಲ್ಲ. ಆಗ ನಾನು ಪಿಯುಸಿ. ಸಂಜೆ ಮನೆಗೆ ಬಂದ ಮೇಲೆ ಅವಳಿಗೇ ಕಾಲು ಹಿಡಿಯುತ್ತಿತ್ತು. ನಾನು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಓದುತ್ತಲೇ ಅವಳ ಹೆಬ್ಬೆರಳು ಎಳೆದು ಹಿಡಿದಿರುತ್ತಿದ್ದೆ. "ಜೋರಾಗಿ ಓದು, ನನಗೂ ಕೇಳ್ಲಿ" ಅನ್ನುತ್ತಿದ್ದಳು. ಅರ್ಥಶಾಸ್ತ್ರದ ಬೇಡಿಕೆ, ಪೂರೈಕೆ ಎಲ್ಲ ಅವಳೂ ಕೇಳಿದ್ದಾಳೆ. ಆ ಕೂಸು ಏಳನೇ ತಿಂಗಳಲ್ಲಿ ಹೊಟ್ಟೆಯಲ್ಲೇ ಹೋಯಿತು. ಎರಡನೆಯದು ಹುಟ್ಟಿ, ಅತ್ತು, ಹೆಸರಿಡುವ ಮೊದಲೇ ಹೋಯಿತು. ಆಮೇಲೆ ಆಗಲಿಲ್ಲ.

ಬೇರೆ ಊರಿನ ಜನ ಅನ್ನುವ ಹಾಗೆ ನಮ್ಮ ಜನ ಅವಳಿಗೆ ಏನೂ ಅನ್ನಲಿಲ್ಲ. ಬಿರುಸು ಮಾತಾಡಲಿಲ್ಲ. ಕರೆಯುವುದನ್ನು ಬಿಟ್ಟರು, ಅಷ್ಟೇ. ಸಾಲಿನಲ್ಲಿ ಬಸುರಿಯೊಬ್ಬಳಿಗೆ ಕಾಲು ಹಿಡಿದಾಗ ಅಕ್ಕ ಸಸಿಯ ಕಟ್ಟು ಕೆಳಗಿಟ್ಟು ಏಳುವುದರೊಳಗೆ ಇನ್ನೊಬ್ಬಳು ಹೋಗಿ ಕುಳಿತಿರುತ್ತಿದ್ದಳು. ಒಂದು ಸಲ ಹೀಗಾಯಿತು, ಎರಡು ಸಲ ಆಯಿತು. ಮೂರನೆಯ ಸಲ ಅಕ್ಕ ಏಳಲೇ ಇಲ್ಲವಂತೆ. ತಲೆ ಬಗ್ಗಿಸಿ ಸಸಿ ಹಚ್ಚುತ್ತಲೇ ಇದ್ದಳಂತೆ. ಇದನ್ನು ನನಗೆ ಹೇಳಿದವಳು ಅವ್ವ. ಅಕ್ಕ ಹೇಳಲಿಲ್ಲ.

ನಾನು ಮದುವೆಯಾಗಿ ಹೊಸಪೇಟೆಗೆ ಬಂದೆ. ಕೆಲಸ ಸಂಡೂರಿನ ರಸ್ತೆಯಲ್ಲಿ, ಅದಿರಿನ ಲಾರಿ ತೂಗುವ ವೇಬ್ರಿಡ್ಜಿನ ಕ್ಯಾಬಿನ್ನಿನಲ್ಲಿ. ಕಂಪ್ಯೂಟರಿನ ಮುಂದೆ ಎತ್ತರದ ಕುರ್ಚಿ, ಕಿಟಕಿಯಾಚೆ ಕೆಂಪು ಧೂಳು. ಕಾಲು ನೆಲಕ್ಕೆ ಮುಟ್ಟುವುದಿಲ್ಲ, ಇಡೀ ದಿನ ಜೋತಾಡುತ್ತವೆ. ಹೊಟ್ಟೆ ಕಾಣಿಸತೊಡಗಿದ ಮೇಲೆ ಲಾರಿಯವರಿಗೆ ಅದೇ ತಮಾಷೆ. ತಲೆ ನರೆತ ಡ್ರೈವರ್ ಒಬ್ಬ ಕಿಟಕಿಯಲ್ಲಿ ಮುಖ ಇಟ್ಟು, "ಮೇಡಮ್ಮಾರ, ನನ್ನ ಗಾಡಿ ಇರ್ಲಿ, ನಿಮ್ದ ಓವರ್‌ಲೋಡ್ ಆಗೈತಲ್ರಿ" ಅಂದ.

"ಪರ್ಮಿಟ್ ಐತಿ ನಡೀರಿ ಮುಂದ" ಅಂದೆ.

ನಾನು ಮೀನಖಂಡ ತಿಕ್ಕಿಕೊಳ್ಳುವುದನ್ನು ಕಂಡಿದ್ದನೇನೋ, ಅವನೇ ಮಾರನೆಯ ದಿನ ಹಣ್ಣಿನ ಖಾಲಿ ಕ್ರೇಟ್ ಒಂದನ್ನು ತಂದು, "ಕಾಲ ಕೆಳಗ ಇಟ್ಕೋರಿ. ನನ್ನ ಹೇಣ್ತಿಗೂ ಹಿಂಗ ಹಿಡೀತಿದ್ವು" ಎಂದು ಒಳಗೆ ದೂಡಿ ಹೋದ. ಆ ಕ್ರೇಟಿನ ಮೇಲೆ ಕಾಲಿಟ್ಟೇ ಉಳಿದ ತಿಂಗಳು ಕಳೆದೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಕ್ಯಾಲ್ಸಿಯಂ ಗುಳಿಗೆ ಬಿಡಬೇಡಿ, ನೀರು ಚೆನ್ನಾಗಿ ಕುಡಿಯಿರಿ, ಕಾಲು ಜೋತು ಬಿಡಬೇಡಿ ಅಂದರು. ಒಂದೇ ಕಾಲು ಬಾತು, ಕೆಂಪಾಗಿ, ಬಿಸಿಯಾದರೆ ತಿಕ್ಕಿಸಿಕೊಳ್ಳದೆ ಕೂಡಲೇ ಬನ್ನಿ ಎಂದೂ ಹೇಳಿದರು. ನರ್ಸಮ್ಮ ಗಂಡನನ್ನು ಒಳಗೆ ಕರೆದು ಪಾದವನ್ನು ಹೇಗೆ ಮೇಲಕ್ಕೆ ಮಡಿಸಿ ಹಿಡಿಯಬೇಕೆಂದು ತೋರಿಸಿದಳು. ಅಕ್ಕ ಬದುವಿನ ಮೇಲೆ ಮಾಡುತ್ತಿದ್ದದ್ದೇ ಅದು. ಗಂಡ ಕಲಿತ. ಮಲಗುವ ಮುಂಚೆ ನಾನು ಗೋಡೆಗೆ ಕೈಕೊಟ್ಟು, ಹಿಮ್ಮಡಿ ನೆಲಕ್ಕೂರಿ ಕಾಲು ಎಳೆದು ನಿಲ್ಲುತ್ತಿದ್ದೆ. ನೋವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

ಆದರೂ ನನಗೆ ಬೇಕಾಗಿದ್ದದ್ದು ಅಕ್ಕನ ಕೈ. ಇದಕ್ಕೆ ಕಾರಣ ಹೇಳು ಅಂದರೆ ಹೇಳಲಾರೆ. ಫೋನಿನಲ್ಲಿ ಕರೆದೆ.

"ಒಂದು ವಾರ ಬಂದು ಇರು ಬಾರಕ್ಕ."

"ನಾಟಿ ಐತಲ್ಲವಾ. ಹೆಂಗ ಬರ್ಲಿ?"

ನಾಟಿ ಮುಗಿಯಿತು. ಮತ್ತೆ ಕರೆದೆ.

"ಕಳೆ ಬಂದೈತಿ. ಕಳೆ ತೆಗಿಯಾಕ ಮಂದಿ ಇಲ್ಲ."

"ಕಳೆ ಮುಗಿದ್ ಮ್ಯಾಲ?"

"ಬಿಸಿನೀರಾಗ ಕಾಲಿಟ್ಕೊ. ನಿನ್ನ ಗಂಡ ಹಿಡೀತಾನಂತಲ್ಲ, ಹಿಡಿಸ್ಕೊ. ಗಂಡನ ಕೈಲೆ ಕಾಲು ಹಿಡಿಸ್ಕೊಳ್ಳೋ ಪುಣ್ಯ ಯಾರಿಗೈತಿ" ಎಂದು ನಕ್ಕಳು. ನಾನು ನಗಲಿಲ್ಲ.

ಏಳರಲ್ಲಿ ಕುಬಸ. ನಮ್ಮ ಕಡೆ ತವರಿನವರು ಹಸಿರು ಸೀರೆ, ಕುಪ್ಪಸ, ಹಸಿರು ಬಳೆ ತಂದು, ಬಸುರಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾರೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ ಅಡಿಕೆ. ತುಂಬುವವರು ಮುತ್ತೈದೆಯರಾಗಿರಬೇಕು, ಮಕ್ಕಳು ನೆಟ್ಟಗಿದ್ದವರಾಗಿರಬೇಕು. ನನ್ನ ಅತ್ತೆ ಇಂಥದ್ದರಲ್ಲಿ ಬಿಗಿಯಲ್ಲ. "ನಿಮ್ಮಕ್ಕನ್ನ ಮುಂದ ನಿಂದ್ರಿಸ್ರಿ, ನನಗೇನಿಲ್ಲ" ಎಂದಿದ್ದರು. ತಡೆದವಳು ಅವ್ವ. ಕುಬಸಕ್ಕೆ ಮೊದಲೇ ಬಂದು, ಪಡಸಾಲೆಯಲ್ಲಿ ಕುಳಿತು ಅಕ್ಕಿ ಹಸನು ಮಾಡುತ್ತಿದ್ದಳು.

"ಅಕ್ಕ ಬರ್ತಾಳಲ್ಲ?" ಎಂದು ಕೇಳಿದೆ.

"ಬರ್ತಾಳ. ಅಡಿಗಿ ಮನಿ ನೋಡ್ಕೋತಾಳ."

"ಉಡಿ ತುಂಬಾಕ?"

ಅವ್ವ ಮೊರದಲ್ಲಿನ ಕಲ್ಲು ಆರಿಸುತ್ತಲೇ ಇದ್ದಳು.

"ಯವ್ವ, ಅಕಿ ನಿನ್ನ ಮಗಳಲ್ಲೇನು?"

"ಮಗಳಂತನ ಹೇಳಾಕತ್ತೀನಿ" ಅಂದಳು ಅವ್ವ. ದನಿ ಏರಲಿಲ್ಲ. "ಅಕಿ ಉಡಿ ತುಂಬಿ, ಆಮ್ಯಾಲ ನಿನಗ ಏನರ ಹೆಚ್ಚುಕಮ್ಮಿ ಆದ್ರ, ಮಂದಿ ಬಾಯಿಗೆ ಬೀಳೋದು ನೀನಲ್ಲ, ಅಕಿ. ಮಂದಿ ಬಿಡು, ಅಕಿನ ತನ್ನ ಬಾಯಿಗೆ ತಾನ ಬೀಳ್ತಾಳ. ಸಾಕು ಅಕಿಗೆ."

ನಾನು ಓದಿದವಳು, ಇದೆಲ್ಲ ಸುಳ್ಳು ಎಂದು ಗೊತ್ತಿದ್ದವಳು. ಅವ್ವನಿಗೆ ಅದನ್ನು ಹೇಳಿದೆ ಕೂಡ. "ಸುಳ್ಳಂತ ನೀನು ಅಕಿಗೆ ಹೇಳು, ಕೇಳ್ತಾಳೇನ್ ನೋಡಾಣ" ಅಂದಳು.

ಕುಬಸದ ದಿನ ಅಕ್ಕ ನಸುಕಿನ ಬಸ್ಸಿಗೇ ಬಂದಳು. ಕಂಪ್ಲಿಯಿಂದ ಒಂದು ಗೊನೆ ಬಾಳೆಹಣ್ಣು ತಂದಿದ್ದಳು. ನನ್ನನ್ನು ನೋಡಿ, "ಮುಖ ಕಳಾ ಬಂದೈತಿ" ಅಂದಳು. ದೂರದಿಂದಲೇ. ಸೀದಾ ಅಡುಗೆಮನೆಗೆ ಹೋಗಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೂರಣ ರುಬ್ಬಲು ಕುಳಿತಳು. ಎರಡು ಸಲ ನಾನು ಒಳಗೆ ಹೋದೆ. ಎರಡು ಸಲವೂ, "ಹೊಗಿ ಐತಿ ಇಲ್ಲಿ, ಹೊರಗ ಹೋಗು" ಎಂದು ಕಳಿಸಿದಳು. ಗ್ಯಾಸಿನ ಒಲೆ ಅದು, ಹೊಗೆ ಎಲ್ಲಿಂದ ಬರಬೇಕು.

ಮಧ್ಯಾಹ್ನ ಮಣೆಯ ಮೇಲೆ ಕೂರಿಸಿದರು. ಚಕ್ಕಳಮಕ್ಕಳ ಹಾಕಿ ಕುಳಿತೆ. ಎದುರಿಗೆ ದೀಪ, ದೇವರ ಫೋಟೊ, ಸುತ್ತ ಹಿರಿಯ ಹೆಂಗಸರು. ಒಬ್ಬೊಬ್ಬರಾಗಿ ಅರಿಶಿನ ಹಚ್ಚಿ, ಕುಂಕುಮ ಇಟ್ಟು, ಉಡಿಗೆ ಹಾಕುತ್ತ ಹೋದರು. ತೊಡೆಯ ಮೇಲೆ ಅಕ್ಕಿಯ ಭಾರ ಏರುತ್ತ ಹೋಯಿತು. ತುಂಬಿದ ಉಡಿಯೊಡನೆ ಆರತಿ ಮುಗಿಯುವವರೆಗೆ ಏಳುವಂತಿಲ್ಲ. ಒಂದು ಕಾಳೂ ಚೆಲ್ಲುವಂತಿಲ್ಲ. ದೀಪದ ಕಡೆಗೆ ಕಾಲು ಚಾಚುವುದಂತೂ ಮಾತೇ ಇಲ್ಲ.

ಆರತಿ ತಟ್ಟೆ ಎತ್ತುವ ಹೊತ್ತಿಗೆ ಬಲಗಾಲು ಹಿಡಿಯಿತು.

ಮೊದಲು ತಡೆದುಕೊಂಡೆ. ಬೆರಳು ಮೇಲಕ್ಕೆ ಮಡಿಸೋಣವೆಂದರೆ ಕಾಲು ತೊಡೆಯ ಕೆಳಗೆ ಸಿಕ್ಕಿದೆ. ಮೀನಖಂಡ ಮುದ್ದೆ ಕಟ್ಟುತ್ತಿರುವುದು ತೊಡೆಗೆ ತಾಗುತ್ತಿತ್ತು. ಬೆವರು ಕಣ್ಣಿಗೆ ಇಳಿಯಿತು. "ಕಾಲು" ಅಂದೆ. ಹೆಂಗಸರಿಗೆ ಅರ್ಥವಾಗಲಿಲ್ಲ. "ಏನಾತವಾ? ಹೊಟ್ಟಿ ನೋವೇನು?" ಎಂದು ಒಬ್ಬರು, "ನೀರು ಕೊಡ್ರಿ" ಎಂದು ಇನ್ನೊಬ್ಬರು. ಗಂಡಸರೆಲ್ಲ ಹೊರಗಿದ್ದರು, ಗಂಡನೂ. ಯಾರೋ ಭುಜ ಹಿಡಿದು ಎಬ್ಬಿಸಲು ನೋಡಿದರು. "ಉಡಿ, ಉಡಿ ಚೆಲ್ಲತೈತಿ" ಎಂದು ಮತ್ತೊಬ್ಬರು ಅದುಮಿ ಕೂರಿಸಿದರು. ನಾನು ಚೀರಿದೆ.

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಎರಡೂ ಕೈಗೆ ಹೂರಣ ಮೆತ್ತಿತ್ತು. ಹೊಸ್ತಿಲ ಮೇಲೆ ಒಂದು ಕಾಲು ಇಟ್ಟವಳು ಅಲ್ಲೇ ನಿಂತು ಅವ್ವನ ಮುಖ ನೋಡಿದಳು. ಅವ್ವ ನನ್ನ ಮುಖ ನೋಡಿದಳು. ಆ ನೋಟ ಎಷ್ಟು ಹೊತ್ತು ಇತ್ತೋ ನನಗೆ ತಿಳಿಯದು. ನಾನು ಎಲ್ಲರ ಎದುರಿಗೆ ಕೂಗಿದೆ, "ಯಕ್ಕಾ, ಹಿಡೀ ಬಾ."

ಬಂದಳು. ಕೈ ಒರೆಸಿಕೊಳ್ಳಲೂ ಇಲ್ಲ. ಮಂಡಿಯೂರಿ ಕುಳಿತು, ಒಂದು ಕೈಯಲ್ಲಿ ಉಡಿಯ ಅಂಚನ್ನು ನನ್ನ ಕೈಗೆ ಒತ್ತಿ, "ಹಿಡ್ಕೊ ಗಟ್ಟಿ, ಬಿಡಬ್ಯಾಡ" ಅಂದಳು. ಇನ್ನೊಂದರಲ್ಲಿ ತೊಡೆಯ ಕೆಳಗಿನಿಂದ ಕಾಲು ಬಿಡಿಸಿ, ದೀಪದ ಕಡೆಗೆ ಅಲ್ಲ, ತನ್ನ ತೊಡೆಯ ಮೇಲೆ ಚಾಚಿಕೊಂಡಳು. ಹೆಬ್ಬೆರಳು ಹಿಡಿದು ಎಳೆದಳು. ಇನ್ನೊಂದು ಅಂಗೈ ಮೀನಖಂಡದ ಕೆಳಗೆ. ಬೆಚ್ಚಗಿತ್ತು. "ಸಡ್ಲ ಬಿಡಲೇ" ಅಂದಳು. ಅಷ್ಟೇ. ಒದೀತೀಯೇನು ಎಂಬ ಮಾತು ಬರಲಿಲ್ಲ. ಕಲ್ಲು ಕರಗಿತು. ನಾನು ಅತ್ತುಬಿಟ್ಟೆ, ನೋವಿಗಲ್ಲ.

ಅತ್ತೆಯ ಕಡೆಯ ಮುದುಕಿಯೊಬ್ಬರು ಪಕ್ಕದವರಿಗೆ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. "ಇಕಿ ಕೂಸು ನಿಂದ್ರದಾಕಿ ಅಲ್ಲೇನು? ಉಡಿ ಮುಟ್ಟಿದ್ಲಲ್ಲ."

ಅತ್ತೆ, "ಸುಮ್ನಿರ್ರಿ ಸಾಕು" ಎಂದು ಗದರಿಸಿ ಆರತಿ ಎತ್ತಿದರು. ಆದರೆ ಅಕ್ಕ ಕೇಳಿಸಿಕೊಂಡಿದ್ದಳು. ಉಡಿ ಮುಟ್ಟಿದ ತನ್ನ ಕೈಯನ್ನು ನೋಡಿಕೊಂಡಳು. ಅದುವರೆಗೆ ಅದು ಅವಳ ಲಕ್ಷ್ಯಕ್ಕೇ ಬಂದಿರಲಿಲ್ಲ ಅಂತ ಕಾಣುತ್ತದೆ. ನನ್ನ ಕಾಲನ್ನು ಮೆಲ್ಲಗೆ ಮಣೆಯ ಮೇಲೆ ಇಟ್ಟು ಎದ್ದು ಹೋದಳು.

ಊಟದ ಹೊತ್ತಿಗೆ ಹುಡುಕಿದರೆ ಅಕ್ಕ ಇಲ್ಲ. ಹಿತ್ತಲ ನಲ್ಲಿಯ ಹತ್ತಿರ ಕೈ ತೊಳೆದ ಒದ್ದೆ. ಕೊನೆಯ ಕೆಲವು ಹೂರಣದ ಉಂಡೆಗಳು ಒದ್ದೆ ಬಟ್ಟೆಯ ಕೆಳಗೆ ಸಾಲಾಗಿ ಕುಳಿತಿದ್ದವು, ತಟ್ಟಲು ಯಾರೂ ಇಲ್ಲದೆ. ಒಂದು ತುತ್ತೂ ತಿನ್ನದೆ ಕಂಪ್ಲಿ ಬಸ್ಸು ಹತ್ತಿದ್ದಳು. ಸಂಜೆ ಕುಳಿತಿದ್ದಾಗ ಕಾಲಿಗೆ ಏನೋ ಹರಿದಂತಾಗಿ ನೋಡಿದೆ. ಮೀನಖಂಡಕ್ಕೆ ಮೆತ್ತಿದ ಹೂರಣ ಒಣಗಿತ್ತು, ಇರುವೆ ಬಂದಿದ್ದವು. ಇರುವೆ ಕೊಡವಿದೆ. ತೊಳೆಯಲು ಮನಸ್ಸಾಗಲಿಲ್ಲ.

ಅವತ್ತಿನಿಂದ ಹೆರಿಗೆಯವರೆಗೆ ಅಕ್ಕ ದಿನಾ ಫೋನ್ ಮಾಡಿದಳು. ನನ್ನ ಕಾಲಿನ ಸುದ್ದಿ ಕೇಳಲಿಲ್ಲ. ಊಟದ್ದು ಕೇಳಲಿಲ್ಲ. ಒಂದೇ ಮಾತು, "ಆಡಾಕತ್ತೈತೇನು ಕೂಸು?"

"ಆಡಾಕತ್ತೈತಿ" ಅಂದರೆ, "ಹೂಂ" ಎಂದು ಇಟ್ಟುಬಿಡುವಳು. ಇಡುವ ಮೊದಲು ಅವಳ ಉಸಿರು ಬಿಡುವ ಸದ್ದು ಕೇಳುತ್ತಿತ್ತು. ಅವಳು ಸುಮ್ಮಸುಮ್ಮನೆ ಕಾಯುತ್ತಿರಲಿಲ್ಲ. ತನ್ನ ಕೈಯ ತೀರ್ಪಿಗೆ ಕಾಯುತ್ತಿದ್ದಳು. ನನ್ನ ಹೊಟ್ಟೆಯಲ್ಲಿದ್ದದ್ದು ನನ್ನ ಕೂಸು ಮಾತ್ರ ಆಗಿರಲಿಲ್ಲ. ಅದು ನೆಟ್ಟಗೆ ಹುಟ್ಟದಿದ್ದರೆ ನಾನು ಅತ್ತು ಸುಧಾರಿಸಿಕೊಂಡೇನು, ಅಕ್ಕ ಸುಧಾರಿಸಿಕೊಳ್ಳಲಾರಳು.

ಒಂಬತ್ತನೇ ತಿಂಗಳಲ್ಲಿ ಒಂದು ದಿನ ಕ್ಯಾಬಿನ್ನಿನಲ್ಲಿ ಕುಳಿತಿದ್ದೆ. ರಜೆ ಹಾಕಲು ಇನ್ನೂ ಕೆಲವೇ ದಿನ. ಬೆಳಗಿನಿಂದ ಕೂಸು ಆಡಿಲ್ಲವೆಂಬುದು ಊಟದ ಡಬ್ಬಿ ತೆಗೆಯುವಾಗ ಹೊಳೆಯಿತು. ದಿನಾ ಆ ಹೊತ್ತಿಗೆ ಒದೆಯುತ್ತಿತ್ತು. ಎಡಕ್ಕೆ ವಾಲಿ ಕುಳಿತು ಕಾದೆ. ಇಲ್ಲ. ಹೊಟ್ಟೆ ತಟ್ಟಿದೆ. ಇಲ್ಲ. ಆಗಲೇ ಫೋನ್ ಬಂತು.

"ಆಡಾಕತ್ತೈತೇನು?"

"ಹೂಂ ಅಕ್ಕ. ಆಡಾಕತ್ತೈತಿ."

"ಧ್ವನಿ ಯಾಕ ಹಂಗೈತಿ?"

"ಲಾರಿ ಗದ್ದಲ, ಧೂಳು. ಇಡು ನೀನು, ಗಾಡಿ ನಿಂತಾವು."

ಕೂಡಲೇ ಸಂಡೂರಿನ ಆಸ್ಪತ್ರೆಗೆ ಹೋದೆ, ಕ್ಯಾಬಿನ್ನಿಗೆ ಬೇರೆಯವರನ್ನು ಕೂರಿಸಿ, ಕಂಪನಿಯ ಜೀಪಿನಲ್ಲಿ. ಹೊಟ್ಟೆಯ ಮೇಲೆ ಮಿಷನ್ ಇಟ್ಟು ಹುಡುಕುತ್ತಿದ್ದಾಗ ನನಗೆ ಕಂಡದ್ದು ನನ್ನ ಕೂಸಲ್ಲ. ಹೊಸ್ತಿಲ ಮೇಲೆ ನಿಂತ ಅಕ್ಕ, ಅವಳ ಎರಡು ಕೈ. ಕಡೆಗೆ ಎದೆ ಬಡಿತ ಸಿಕ್ಕಿತು, ದುಡುದುಡು ಓಡುವ ಹಾಗೆ. "ಚೆನ್ನಾಗಿದೆ. ಬಂದದ್ದು ಒಳ್ಳೇದಾಯ್ತು" ಎಂದರು ಡಾಕ್ಟರ್. ಹೊರಗಿನ ಬೆಂಚಿನ ಮೇಲೆ ಕುಳಿತು ತುಂಬಾ ಹೊತ್ತು ಅತ್ತೆ. ಆ ದಿನದ ವಿಷಯ ಅಕ್ಕನಿಗೆ ಇವತ್ತಿಗೂ ಹೇಳಿಲ್ಲ.

ಹೆಣ್ಣು ಕೂಸು. ನೆಟ್ಟಗೆ ಹುಟ್ಟಿತು, ಜೋರಾಗಿ ಅತ್ತಿತು. ನಾನು ಅಂದುಕೊಂಡಿದ್ದೆ, ಇನ್ನು ಮುಗಿಯಿತು, ಅಕ್ಕನ ಕೈಯ ಮೇಲಿನ ಭಾರ ಇಳಿಯಿತು ಎಂದು. ಫೋನಿನಲ್ಲಿ ಕೂಗಿಯೇ ಹೇಳಿದೆ, "ನೋಡಿದ್ಯಾ? ನೀ ಉಡಿ ಮುಟ್ಟಿದ್ ಕೂಸು!"

"ದೇವ್ರು ದೊಡ್ಡಾವ. ಉಳಿಸಿದ" ಅಂದಳು. ಉಳಿಸಿದ. ಯಾರಿಂದ ಉಳಿಸಿದ ಎಂದು ನಾನು ಕೇಳಲಿಲ್ಲ.

ತೊಟ್ಟಿಲಿಗೆ ಹಾಕುವ ದಿನ ಒಂದು ಸಣ್ಣ ಕೌದಿ ತಂದಳು. ಹಳೆಯ ಸೀರೆಗಳ ತುಂಡು, ಒಂದರ ಪಕ್ಕ ಒಂದು ಒತ್ತಿ ಹೊಲಿದದ್ದು. "ಎಷ್ಟು ಚಂದ ಹೊಲದೀ ಅಕ್ಕ" ಅಂದೆ. ಗಾಬರಿಯಾದಳು. "ನಾನಲ್ಲ, ನಾನಲ್ಲ. ಬಟ್ಟಿ ಕತ್ತರಿಸಿ ಕೊಟ್ಟೀನಿ ಅಷ್ಟ. ಹೊಲದಾಕಿ ನಮ್ಮ ನಾದಿನಿ. ಮಕ್ಕಳೊಂದಿಗಳು ಅಕಿ." ಕೂಸನ್ನು ಎತ್ತಿಕೋ ಅಂದರೆ, "ಬಸ್ಸಿನ್ಯಾಗ ಬಂದೀನಿ, ಕೈ ಧೂಳ ಆಗ್ಯಾವ" ಅಂದಳು. ಕೈ ತೊಳೆದು ಬಂದ ಮೇಲೆ, "ಕೈ ತಣ್ಣಗಾಗ್ಯಾವ" ಅಂದಳು. ನಾನು ಒತ್ತಾಯ ಮಾಡಲಿಲ್ಲ. ತೊಟ್ಟಿಲ ಪಕ್ಕ ಕುಳಿತು, ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು, ಹೋಗುವವರೆಗೂ ಕೂಸನ್ನೇ ನೋಡುತ್ತಿದ್ದಳು.

ಮಗಳಿಗೆ ಈಗ ನಾಲ್ಕು ವರ್ಷ. ಈ ಸಲದ ನಾಟಿಗೆ ಅವಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅವ್ವನಿಗೆ ಈಗ ಬಗ್ಗಲು ಆಗುವುದಿಲ್ಲ, ಅಕ್ಕ ಇನ್ನೂ ಹೋಗುತ್ತಾಳೆ. ಬುತ್ತಿ ತೆಗೆದುಕೊಂಡು ಗದ್ದೆಗೆ ಹೋದೆವು. ಬದುವಿನ ಮೇಲೆ ಮಗಳನ್ನು ಕೂರಿಸುತ್ತಿದ್ದಾಗ ಸಾಲಿನಲ್ಲಿ ಅಕ್ಕನ ದನಿ ಕೇಳಿತು. "ಹಿಡೀತವ್ವೋ."

ಸೀರೆ ಮೇಲೆ ಸಿಕ್ಕಿಸಿ ಕೆಸರಿಗಿಳಿದೆ. ಅವಳನ್ನು ಬದುವಿಗೆ ತಂದು ಕೂರಿಸಿ, ಕಾಲು ನನ್ನ ತೊಡೆಯ ಮೇಲೆ ಚಾಚಿಕೊಂಡು, ಹೆಬ್ಬೆರಳು ಎಳೆದು ಹಿಡಿದೆ. ಅವಳ ಮೀನಖಂಡ ಸಣ್ಣಗಾಗಿದೆ, ನರಗಳು ಗಂಟು ಗಂಟಾಗಿ ಉಬ್ಬಿವೆ. "ಸಡ್ಲ ಬಿಡಲೇ, ಏನ್ ನನ್ನ ಒದೀತೀ?" ಅಂದೆ. ಸಾಲಿನ ಹೆಂಗಸರೆಲ್ಲ ನಕ್ಕರು. "ಓದಿದಾಕಿ ಅಕ್ಕಗ ಲೇ ಅಂತಾಳ ನೋಡ್ರೇ!" ಎಂದು ಒಬ್ಬಳು. ಅಕ್ಕನೂ ನಕ್ಕಳು. ಕಾಲು ಸಡಿಲಾಯಿತು.

"ನಿನ್ನ ಕೈ ಚಲೋ ಅದಾವು ಬಿಡು" ಅಂದಳು.

"ಯಾರು ಕಲಿಸಿದ್ದು?" ಅಂದೆ.

ಅಷ್ಟರಲ್ಲಿ ಮಗಳು ಎದ್ದು ಬಂದು, "ದೊಡ್ಡವ್ವಾ, ಭಾಳ ನೋವಾತಾ?" ಎಂದು ಅಕ್ಕನ ಕೈ ಹಿಡಿಯಲು ಹೋದಳು. ಅಕ್ಕ ಎರಡೂ ಕೈಗಳನ್ನು ತಟ್ಟನೆ ಮೇಲಕ್ಕೆತ್ತಿಕೊಂಡಳು.

"ಬ್ಯಾಡ ಬಂಗಾರಿ. ಕೆಸರೈತಿ, ಮುಟ್ಟಬ್ಯಾಡ."

ಕೆಸರಿತ್ತು, ನಿಜ. ನನ್ನ ಕೈಗೂ ಇತ್ತು. ಮಗಳು ನನ್ನ ಕೈ ಹಿಡಿದುಕೊಂಡು ನಿಂತಳು.